ಮೇ ಸಾಯ್‌ನಲ್ಲಿ ಎರಡು ದಿನ

"ಗಡಿ ನೋಡಲು ಥಾಯ್ಲೆಂಡಿಗೆ ಯಾಕೆ ಹೋಗಬೇಕು ಮಾಷ್ಟ್ರೇ, ತಲಪಾಡಿಗೆ ಹೋದರೆ ಸಾಲದೇ?" ನನ್ನ ಪ್ರವಾಸದ ಸುದ್ದಿ ಹೊರಬಿದ್ದ ದಿನ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ಬರೆಯೋಣವೆಂದು ಕುಳಿತಿದ್ದೇನೆ.

ಬರುವ ಕ್ರಿಸ್ಮಸ್ ರಜೆಗೆ ನಾನು, ನನ್ನವಳು, ಒಂಬತ್ತನೇ ತರಗತಿಯ ಮಗಳು, ಮೂವರೂ ಬ್ಯಾಂಕಾಕಿಗೆ ಹೋಗುವುದೆಂದು ಮಾತಾಗಿದೆ. ಅದರಲ್ಲಿ ಒಂದು ವಾರಾಂತ್ಯವನ್ನು ನಾನು ಮೇ ಸಾಯ್‌ಗೆಂದು ತೆಗೆದಿಟ್ಟಿದ್ದೇನೆ.

ಭೂಪಟ ತೆಗೆದು ನೋಡಿ. ಥಾಯ್ಲೆಂಡಿನ ನೆತ್ತಿಯ ಮೇಲಿನ ಪೇಟೆ ಅದು, ಚಿಯಾಂಗ್ ರಾಯ್ ಪ್ರಾಂತಕ್ಕೆ ಸೇರಿದ್ದು. ಬ್ಯಾಂಕಾಕಿನಿಂದ ಹೊರಟ ಒಂದನೇ ನಂಬರ್ ಹೆದ್ದಾರಿ ಸುಮಾರು ಸಾವಿರ ಕಿಲೋಮೀಟರ್ ಓಡಿ ಅಲ್ಲಿನ ಸೇತುವೆಯ ಬುಡದಲ್ಲಿ ಮುಗಿಯುತ್ತದೆ. ಕೆಳಗೆ ಸಾಯ್ ನದಿ. ನಮ್ಮ ಚಂದ್ರಗಿರಿಯ ಮುಂದೆ ಅದು ತೋಡಿನಂತೆ ಕಂಡೀತು. ಆಚೆ ದಡ ಮ್ಯಾನ್ಮಾರ್, ಊರು ತಾಚಿಲೇಕ್. ತಮಾಷೆ ಎಂದರೆ ಸೇತುವೆ ದಾಟಿದರೆ ಗಡಿಯಾರ ಅರ್ಧ ಗಂಟೆ ಹಿಂದೆ ಹೋಗುತ್ತದೆ. ಥಾಯ್ಲೆಂಡ್ ನಮಗಿಂತ ಒಂದೂವರೆ ಗಂಟೆ ಮುಂದೆ, ಮ್ಯಾನ್ಮಾರ್ ಒಂದು ಗಂಟೆ ಮುಂದೆ. ಸಮಾಜ ಪಾಠದಲ್ಲಿ ಕಾಲವಲಯ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಡಿಸೆಂಬರೇ ಯಾಕೆ ಎಂದರೆ, ನಮ್ಮ ಬೇರೆ ರಜೆಗಳು ಅಲ್ಲಿಗೆ ಹೊಂದುವುದಿಲ್ಲ. ಫೆಬ್ರವರಿಯಿಂದ ಏಪ್ರಿಲ್ ತನಕ ಉತ್ತರ ಥಾಯ್ಲೆಂಡಿನಲ್ಲಿ ಹೊಲ, ಕಾಡು ಸುಡುವ ಹೊಗೆ. ಓಣಂ ರಜೆಗೆ ಹೋಗೋಣವೆಂದರೆ ಅಲ್ಲಿ ಜೋರು ಮಳೆಗಾಲ. 2024ರ ಸೆಪ್ಟೆಂಬರಿನಲ್ಲಿ ಯಾಗಿ ಚಂಡಮಾರುತದ ಮಳೆಗೆ ಇದೇ ನದಿ ಉಕ್ಕಿ ಮೇ ಸಾಯ್‌ನ ಮನೆ, ಅಂಗಡಿಗಳಲ್ಲಿ ಕೆಸರು ತುಂಬಿತ್ತು. ಡಿಸೆಂಬರ್ ಎಂದರೆ ಅಲ್ಲಿ ತಂಪು. ಸ್ವೆಟರ್ ಹಾಕುವ ಭಾಗ್ಯ ಕಾಸರಗೋಡಿನವರಿಗೆ ಎಲ್ಲಿದೆ!

ಕಾಗದಪತ್ರದ ಕೆಲಸ ಹೀಗಿದೆ. ಸರಕಾರಿ ನೌಕರನಾದ್ದರಿಂದ ಮೊದಲು ಇಲಾಖೆಯ ನಿರಾಕ್ಷೇಪಣಾ ಪತ್ರ. ಥಾಯ್ಲೆಂಡ್ ಭಾರತೀಯರಿಗೆ 2023ರ ನವೆಂಬರಿನಲ್ಲಿ ವೀಸಾ ವಿನಾಯಿತಿ ಕೊಟ್ಟಿತು. ಆದರೂ ಇಂಥ ನಿಯಮಗಳು ಬದಲಾಗುತ್ತಿರುತ್ತವೆ, ಟಿಕೆಟ್ ಮಾಡುವ ಮೊದಲು ಅವರ ರಾಯಭಾರ ಕಚೇರಿಯ ಪ್ರಕಟಣೆ ನೋಡುವುದು ಕ್ಷೇಮ. 2025ರ ಮೇ 1ರಿಂದ ಡಿಜಿಟಲ್ ಆಗಮನ ಕಾರ್ಡ್ ಬಂದಿದೆ. ತಲಪುವ ಮೊದಲಿನ ಮೂರು ದಿನಗಳೊಳಗೆ ತುಂಬಬೇಕು, ಅದಕ್ಕೆ ಶುಲ್ಕವಿಲ್ಲ. ಬ್ಯಾಂಕಾಕಿನಿಂದ ಚಿಯಾಂಗ್ ರಾಯ್‌ಗೆ ವಿಮಾನ, ಅಲ್ಲಿಂದ ಸುಮಾರು 60 ಕಿಲೋಮೀಟರ್ ಬಸ್ಸು.

"ಊಟಕ್ಕೆಂತ ಮಾಡುದು?" ಎಂದು ನನ್ನವಳು ಕೇಳಿದಳು. ನಾವು ಸಸ್ಯಾಹಾರಿಗಳು. ಥಾಯ್ ಭಾಷೆಯಲ್ಲಿ 'ಜೇ' ಎಂಬ ಶಬ್ದ ಕಲಿತಿದ್ದೇನೆ. ಹಳದಿ ಬಟ್ಟೆಯ ಮೇಲೆ ಕೆಂಪಕ್ಷರದಲ್ಲಿ ಅದು ಕಂಡರೆ ಮೀನು, ಮಾಂಸ, ಮೊಟ್ಟೆ ಇಲ್ಲದ ಊಟ. ಕಾಣದಿದ್ದರೆ ಅವಲಕ್ಕಿ ಕಟ್ಟು ಬ್ಯಾಗಿನಲ್ಲಿ ಇದ್ದೇ ಇದೆ.

ಶನಿವಾರ ಬೆಳಗ್ಗೆ ದೋಯ್ ವಾವ್ ಗುಡ್ಡದ ದೇವಸ್ಥಾನ ಹತ್ತಿ, ಎರಡು ದೇಶದ ಮಾಡುಗಳನ್ನು ಒಟ್ಟಿಗೆ ನೋಡುವುದು. ಮಧ್ಯಾಹ್ನ ದೋಯ್ ತುಂಗ್. ಅಫೀಮು ಬೆಳೆಯುತ್ತಿದ್ದ ಬೆಟ್ಟದಲ್ಲಿ ಈಗ ಕಾಫಿ ಬೆಳೆಯುತ್ತಾರೆ. ಭಾನುವಾರ ಥಾಮ್ ಲುವಾಂಗ್ ಗುಹೆ. ನದಿ ದಾಟುವ ವಿಚಾರ ಮಾತ್ರ ಇಲ್ಲವೇ ಇಲ್ಲ. 2021ರ ಸೇನಾ ಕ್ರಾಂತಿಯ ಬಳಿಕ ಮ್ಯಾನ್ಮಾರ್ ತಿರುಗಾಟದ ಜಾಗವಲ್ಲ.

ಇಷ್ಟರಲ್ಲಿ ಒಬ್ಬ ಹಳೆಯ ವಿದ್ಯಾರ್ಥಿ ಫೋನ್ ಮಾಡಿದ. "ಸರ್, ನೀವು ಥಾಯ್ಲೆಂಡಿಗೆ ಹೋಗ್ತೀರಂತೆ. ನನಗೂ ಅಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಿದೆ. ಟಿಕೆಟ್ ಅವರೇ ಕೊಡ್ತಾರೆ, ಊರು ಮೇ ಸೋತ್." ನನ್ನ ಎದೆ ಧಸಕ್ಕೆಂದಿತು. ಮೇ ಸೋತ್ ಕೂಡ ಗಡಿ ಪೇಟೆಯೇ. ಇಂಥ ಮಾತು ನಂಬಿ ಹೋದ ಎಷ್ಟೋ ಹುಡುಗರನ್ನು ಅಲ್ಲಿಂದ ನದಿ ದಾಟಿಸಿ ಮ್ಯಾನ್ಮಾರಿನ ಆನ್‌ಲೈನ್ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕಿದ್ದರು. 2025ರ ಮಾರ್ಚಿನಲ್ಲಿ ನಮ್ಮ ವಾಯುಪಡೆಯ ವಿಮಾನಗಳು ಮೇ ಸೋತ್‌ನಿಂದ ಎರಡು ದಿನಗಳಲ್ಲಿ 549 ಭಾರತೀಯರನ್ನು ಕರೆತಂದವು. ಪ್ರವಾಸಿಯಾಗಿ ಹೋದವನು ಅಲ್ಲಿ ಕೆಲಸ ಮಾಡುವಂತಿಲ್ಲ ಎಂಬುದೊಂದೇ ಸಾಕು, ಆ ಕರೆ ಸುಳ್ಳೆಂದು ತಿಳಿಯಲು. ಒಂದು ಗಂಟೆ ಮಾತಾಡಿದೆ. ಅವನ ಅಮ್ಮನಲ್ಲೂ ಮಾತಾಡಿದೆ. ಹೋಗುವುದಿಲ್ಲ ಎಂದಿದ್ದಾನೆ. ನಿಮ್ಮ ಶಾಲೆಯ ಹಳೆಯ ಮಕ್ಕಳಿಗೂ ದಯವಿಟ್ಟು ಹೇಳಿ.

ಇನ್ನು ಗುಹೆಯ ವಿಷಯ. 2018ರ ಜೂನ್ 23ರಂದು ಫುಟ್‌ಬಾಲ್ ಅಭ್ಯಾಸ ಮುಗಿಸಿದ 12 ಹುಡುಗರು, ಅವರ ಕೋಚ್ ಈ ಗುಹೆಯೊಳಗೆ ಹೋದದ್ದು, ಮಳೆನೀರು ದಾರಿ ಮುಚ್ಚಿದ್ದು ನಿಮಗೆ ನೆನಪಿರಬಹುದು. ಜುಲೈ 10ರೊಳಗೆ ಹದಿಮೂರೂ ಜನ ಹೊರಬಂದರು. ಸಮನ್ ಕುನನ್ ಎಂಬ ಮಾಜಿ ನೌಕಾಪಡೆಯವರು ಒಳಗೆ ಆಮ್ಲಜನಕದ ಸಿಲಿಂಡರ್ ಇಟ್ಟು ಬರುವಾಗ ಪ್ರಾಣ ಬಿಟ್ಟರು. ನೀರು ಹೊರಹಾಕಲು ನೆರವಾದವರಲ್ಲಿ ನಮ್ಮ ಕಿರ್ಲೋಸ್ಕರ್ ಪಂಪ್ ಕಂಪೆನಿಯ ತಜ್ಞರೂ ಇದ್ದರು.

ಹತ್ತನೆಯ ದಿನ ಬ್ರಿಟಿಷ್ ಮುಳುಗುಗಾರರು ಮಕ್ಕಳನ್ನು ಕಂಡಾಗ ಅವರೊಡನೆ ಇಂಗ್ಲಿಷಿನಲ್ಲಿ ಮಾತಾಡಿದವನು 14 ವರ್ಷದ ಅದುಲ್ ಸಾಮ್-ಆನ್. ಮ್ಯಾನ್ಮಾರಿನ ವಾ ಪ್ರದೇಶದಿಂದ ಓದಲೆಂದು ಮೇ ಸಾಯ್‌ಗೆ ಬಂದ ಹುಡುಗ. ವಾ, ಬರ್ಮೀಸ್, ಥಾಯ್, ಚೀನೀ, ಇಂಗ್ಲಿಷ್, ಐದು ಭಾಷೆ ಬಲ್ಲವ. ಆದರೆ ಅವನಿಗೆ ಯಾವ ದೇಶದ ಪೌರತ್ವವೂ ಇರಲಿಲ್ಲ! ಇನ್ನಿಬ್ಬರು ಹುಡುಗರಿಗೂ ಕೋಚ್‌ಗೂ ಅದೇ ಸ್ಥಿತಿ. ನಾಲ್ವರಿಗೂ ಆ ಆಗಸ್ಟಿನಲ್ಲಿ ಥಾಯ್ ಪೌರತ್ವ ಸಿಕ್ಕಿತು. ಗುಹೆಯಲ್ಲಿ ಸಿಕ್ಕಿಕೊಳ್ಳದ ಅಂಥ ಮಕ್ಕಳು ಗಡಿಯುದ್ದಕ್ಕೂ ಇನ್ನೂ ಇದ್ದಾರೆ. ದಾಖಲೆ ಇರಲಿ ಬಿಡಲಿ, ಮಕ್ಕಳಿಗೆ ಶಾಲೆ ಕೊಡಬೇಕೆಂದು 2005ರಲ್ಲಿ ಥಾಯ್ ಸಂಪುಟ ತೀರ್ಮಾನಿಸಿತ್ತು. ಆದ್ದರಿಂದಲೇ ಅದುಲ್‌ನಂಥವರು ತರಗತಿಯಲ್ಲಿ ಕುಳಿತಿದ್ದಾರೆ.

ನಮ್ಮ ತರಗತಿಯಲ್ಲೂ ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಆಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕನ್ನಡ ಓದುತ್ತಾರೆ. 1956ರ ನವೆಂಬರ್ 1ಕ್ಕೆ ನಮ್ಮ ಹಿರಿಯರು ಕೂತಲ್ಲೇ ಕೂತಿದ್ದರು, ರಾಜ್ಯ ಬದಲಾಯಿತು. ಆ ನೋವು ಸಣ್ಣದಲ್ಲ. ಆದರೆ ದೇಶ ಕೈಬಿಡಲಿಲ್ಲ. ಓಟು ಉಳಿಯಿತು, ರೇಷನ್ ಕಾರ್ಡ್ ಉಳಿಯಿತು, ಎಸ್ಸೆಸ್ಸೆಲ್ಸಿಯನ್ನು ಕನ್ನಡದಲ್ಲಿ ಬರೆಯುವ ಹಕ್ಕು ಉಳಿಯಿತು. ಇದ್ದುದನ್ನು ಉಳಿಸಿಕೊಳ್ಳಲು ಹೋರಾಡುವ ನಮಗೆ, ಏನೂ ಇಲ್ಲದೆ ಐದು ಭಾಷೆ ಕಲಿತ ಹುಡುಗನ ಊರು ನೋಡಬೇಕೆನ್ನಿಸಿದರೆ ತಪ್ಪೇನು?

ಒಂದು ತಿದ್ದುಪಡಿ ಮಾಡಿದ್ದೇನೆ. ವಾರಾಂತ್ಯಕ್ಕೆ ಶಾಲೆ ಮುಚ್ಚಿರುತ್ತದೆ. ಹಾಗಾಗಿ ಶುಕ್ರವಾರ ಮಧ್ಯಾಹ್ನವೇ ಮೇ ಸಾಯ್ ತಲಪಿ, ಸಂಜೆ ಶಾಲೆ ಬಿಡುವ ಹೊತ್ತಿಗೆ ರಸ್ತೆಬದಿಯಲ್ಲಿ ನಿಲ್ಲುವುದು. ಫೋಟೋ ತೆಗೆಯುವುದಿಲ್ಲ. ಚೀಲ ಹೊತ್ತು ಬರುವ ಮಕ್ಕಳ ಗದ್ದಲ ಕೇಳಿದರೆ ಸಾಕು. ಯಾವ ಭಾಷೆಯದ್ದಾದರೂ ಮಾಷ್ಟ್ರಿಗೆ ಅದು ಅರ್ಥವಾಗುತ್ತದೆ.