ಅಂಗಳದ ಚುಕ್ಕಿ, ಪರದೆಯ ಆಮೆ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ನಡುವೆ ಮಸ್ಕಿಯಲ್ಲಿ ನಿಲ್ಲುತ್ತದೆ. ಬೆಳಗಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತವರಿಗೆ, ಹಳ್ಳಿ ಬಂದಾಗಲೆಲ್ಲ ಒಂದು ಗಣಿತ ಪರೀಕ್ಷೆ ನಡೆಯುತ್ತಿರುವುದು ಕಾಣುತ್ತದೆ. ಸಾರಿಸಿದ ಅಂಗಳ, ಬಗ್ಗಿದ ಬೆನ್ನು, ಬೆರಳ ಸಂದಿಯಿಂದ ಜಾರುವ ಬಿಳಿ ಪುಡಿ. ಪ್ರಶ್ನೆಪತ್ರಿಕೆಯೂ ಇಲ್ಲ, ಮೇಲ್ವಿಚಾರಕರೂ ಇಲ್ಲ. ಅದಕ್ಕೇ ಇರಬೇಕು, ಯಾರೂ ಇದನ್ನು ಪರೀಕ್ಷೆ ಎನ್ನುವುದಿಲ್ಲ.

ಮಸ್ಕಿ ಸಮೀಪದ ಹಳ್ಳಿಯೊಂದರ ಹುಡುಗಿ ಆರನೇ ತರಗತಿಯಲ್ಲಿದ್ದಾಗ ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆಗೆ ಕುಳಿತಿದ್ದಳು. ಅಕ್ಷರ ಫೌಂಡೇಷನ್ನಿನ ‘ಗಣಿತ ಕಲಿಕಾ ಆಂದೋಲನ’ದ ಜೊತೆಯಲ್ಲಿ ಬಂದ ಈ ಸ್ಪರ್ಧೆಗಳಲ್ಲಿ 4, 5, 6ನೇ ತರಗತಿಯ ಮಕ್ಕಳು ಭಾಗವಹಿಸುತ್ತಾರೆ. ಪಂಚಾಯಿತಿಯವರು, ತಂದೆತಾಯಿಗಳು ಬಂದು ಕೂರುತ್ತಾರೆ. ಮಕ್ಕಳ ಲೆಕ್ಕ ನೋಡಲು ಊರೇ ಸೇರುವುದು ಸಣ್ಣ ಮಾತಲ್ಲ. ಆದರೆ ಹುಡುಗಿಗೆ ಅಂದು ಕೈ ನಡುಗಿತು, ಅಂಕ ಬರಲಿಲ್ಲ.

‘ಲೆಕ್ಕ ನಮ್ಮ ಮನಿತನಕ್ಕ ಹತ್ತಂಗಿಲ್ಲ ಬಿಡ್ರಿ ಮೇಡಂ. ಏಳನೇತ್ತ ಮುಗಿಸಿದ್ರ ಸಾಕು’ ಎಂದ ಅಪ್ಪ. ಹಳ್ಳಿಯ ಶಾಲೆ ಏಳಕ್ಕೇ ಮುಗಿಯುತ್ತದೆ. ಮುಂದೆ ಓದಬೇಕಾದರೆ ಮಸ್ಕಿಗೆ ಹೋಗಬೇಕು.

ಲಿಂಗಸುಗೂರಿನಿಂದ ದಿನಾ ಬಸ್ಸಿಗೆ ಬರುವ ಟೀಚರು ಈ ಮಾತು ಕೇಳಿದ್ದು ಅವರ ಮನೆಯ ಹೊಸ್ತಿಲ ಮುಂದೆ. ಕಾಲ ಬುಡದಲ್ಲಿ ಆರು ಮೂಲೆಯ ದೊಡ್ಡ ರಂಗೋಲಿ. ಯಾರು ಹಾಕಿದ್ದೆಂದರೆ, ಇವಳೇ.

‘ಎಷ್ಟು ಚುಕ್ಕಿಯವ್ವ?’

‘ಹದಿಮೂರು ರೀ. ಮಧ್ಯ ಚುಕ್ಕಿ, ಏಳರತನಕ.’

ಎಂದರೆ ನಡುಸಾಲಿಗೆ 13, ಅದರ ಎರಡೂ ಕಡೆ 12, 11, 10 ಹೀಗೆ ಇಳಿದು 7. ‘ಒಟ್ಟು?’ ಎಂದರು ಟೀಚರು. ಮನಸ್ಸಿನಲ್ಲೇ ಕೂಡಿಸುತ್ತ ಅವರಿನ್ನೂ ಅರ್ಧ ದಾರಿಯಲ್ಲಿದ್ದಾಗ ಹುಡುಗಿ 127 ಎಂದಳು. ಹೇಗೆ? ‘ನಡುವಿಂದು ಒಂದು ಬಿಡ್ರಿ. ಅದರ ಸುತ್ತ ಆರು, ಅದರ ಸುತ್ತ ಹನ್ನೆರಡು, ಆಮ್ಯಾಲೆ ಹದಿನೆಂಟು... ಆರು ಸುತ್ತು. ಆರ ಇಪ್ಪತ್ತೊಂದ್ಲೆ ನೂರಾ ಇಪ್ಪತ್ತಾರು.’ ಒಂದರಿಂದ ಆರರವರೆಗೆ ಕೂಡಿದರೆ 21. ಅದನ್ನು ಆರರಿಂದ ಗುಣಿಸಿ, ಬಿಟ್ಟ ಒಂದನ್ನು ಸೇರಿಸಿದರೆ ಮುಗಿಯಿತು. ಪುಸ್ತಕದಲ್ಲಿ ಇದಕ್ಕೆ ಸೂತ್ರವಿದೆ. ಹುಡುಗಿಗೆ ಅದು ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಸೀಮರ್ ಪೇಪರ್ಟ್ ಮತ್ತು ಸಂಗಡಿಗರು 1967ರಲ್ಲಿ ಮಕ್ಕಳಿಗಾಗಿ ‘ಲೋಗೊ’ ಎಂಬ ಕಂಪ್ಯೂಟರ್ ಭಾಷೆ ರೂಪಿಸಿದರು. ಮುಂದೆ ಅದಕ್ಕೊಂದು ಆಮೆಯೂ ಬಂತು. ಇಷ್ಟು ಮುಂದೆ ಹೋಗು, ಇಷ್ಟು ಡಿಗ್ರಿ ತಿರುಗು ಎಂದರೆ ಗೆರೆ ಎಳೆಯುತ್ತ ಹೋಗುವ ಆಮೆ ಅದು. ಟೀಚರು ತಮ್ಮ ಲ್ಯಾಪ್‌ಟಾಪಿನಲ್ಲಿ ಅಂಥದೊಂದು ಆಮೆಯನ್ನು ತಂದು, ಆರು ಬದಿಯ ಆಕೃತಿ ಬರೆಸು ಎಂದರು. ಷಡ್ಭುಜದ ಒಳಕೋನ 120 ಎಂದು ಪುಸ್ತಕದಲ್ಲಿದೆಯಲ್ಲ, ಹುಡುಗಿ 120 ಡಿಗ್ರಿ ತಿರುಗಿಸಿದಳು. ಆಮೆ ತ್ರಿಕೋನ ಬರೆದು, ಅದರ ಮೇಲೆಯೇ ಇನ್ನೊಂದು ಸುತ್ತು ಹಾಕಿ ನಿಂತಿತು! ಮಕ್ಕಳೆಲ್ಲ ನಕ್ಕರು. ಹುಡುಗಿ ಎದ್ದು ಅಂಗಳಕ್ಕೆ ಹೋಗಿ ತಾನೇ ಆಮೆಯಾಗಿ ನಡೆದಳು. ಆರು ಸಲ ತಿರುಗಿ ಮೊದಲಿನ ಮುಖಕ್ಕೇ ಬಂದರೆ ಒಂದು ಪೂರ್ತಿ ಸುತ್ತು, 360. ಒಂದು ಸಲಕ್ಕೆ 60. ಕೋನವೇ ಬೇರೆ, ತಿರುವೇ ಬೇರೆ ಎಂಬುದು ಎಷ್ಟೋ ದೊಡ್ಡವರಿಗೂ ಹೊಳೆದಿರುವುದಿಲ್ಲ.

ಅಂಗಳದ ಚಿತ್ತಾರಕ್ಕೂ ಕಂಪ್ಯೂಟರಿಗೂ ನಂಟು ಹೊಸದೇನಲ್ಲ. ಮದ್ರಾಸಿನ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ, ಕಮಲಾ ಕೃತಿವಾಸನ್ 1974ರಲ್ಲೇ ಕೋಲಂಗಳನ್ನು ವ್ಯಾಕರಣದಂಥ ನಿಯಮಗಳಲ್ಲಿ ಹಿಡಿದು ಪ್ರಬಂಧ ಬರೆದರು. ಇನ್ನು ಗಣಿತದಲ್ಲಿ ಚಂದ ಹುಡುಕುವುದು ನಮ್ಮ ಸೀಮೆಗೇ ಹಳೆಯ ಚಟ. ಅಮೋಘವರ್ಷನ ಕಾಲದ, 9ನೇ ಶತಮಾನದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಎಡದಿಂದಲೂ ಬಲದಿಂದಲೂ ಒಂದೇ ಆಗಿ ಕಾಣುವ ಗುಣಲಬ್ಧಗಳನ್ನು ಕೊರಳಹಾರವೆಂದು ಕರೆದ. 142857143ನ್ನು 7ರಿಂದ ಗುಣಿಸಿ ನೋಡಿ. ಎರಡು ತುದಿಗೆ ಒಂದೊಂದು, ನಡುವೆ ಎಂಟು ಸೊನ್ನೆಯ ಹಾರ.

ಮರುವರ್ಷದ ಡಿಸೆಂಬರ್ 22, ರಾಮಾನುಜನ್ ಹುಟ್ಟಿದ ದಿನ. ಟೀಚರು ಶಾಲೆಯಲ್ಲೇ ಪುಟ್ಟ ಸ್ಪರ್ಧೆಯಿಟ್ಟರು: ಗಣಿತ ಬಳಸಿ, ಆದಷ್ಟು ಕಡಿಮೆ ಸಾಲುಗಳಲ್ಲಿ, ಆಮೆಯಿಂದ ಚಂದದ್ದೊಂದನ್ನು ಬರೆಸಬೇಕು. ಸಿಂಧನೂರು ಕಡೆಯಿಂದ ಸೋದರಮಾವನ ಮನೆಗೆ ಬಂದು ಓದುತ್ತಿದ್ದ ಹುಡುಗ ಕಾಲುವೆ ನೀರಿನ ಭತ್ತದ ಮಡಿಗಳನ್ನು ಬರೆಸಿದ. ಒಂದು ಮಡಿ, ಅದರ ಎರಡು ಬದಿ ಮತ್ತು ಮೂಲೆಗೆ ಮೂರು, ಹಾಗೆಯೇ ಐದು, ಏಳು. ಪ್ರತಿ ಸಲವೂ ಹೊಲ ಚೌಕವಾಗಿಯೇ ಬೆಳೆಯುತ್ತದೆ: 1, 4, 9, 16. ಮೊದಲ ಬಹುಮಾನ ಅವನಿಗೆ. ಹುಡುಗಿ ಒಂದೇ ಎಸಳು ಬರೆಸಿ, 60 ಡಿಗ್ರಿ ತಿರುಗು, ಆರು ಸಲ ಎಂದಳು. ಅಜ್ಜಿಯ ರಂಗೋಲಿ ಪರದೆಯ ಮೇಲೆ ಅರಳಿತು. ಎರಡನೇ ಬಹುಮಾನ, ಒಂದು ಕಂಪಾಸು ಪೆಟ್ಟಿಗೆ.

ಅಪ್ಪ ಹಿಂದಿನ ಸಾಲಿನಲ್ಲಿ ಕುಳಿತಿದ್ದ. ಎಲ್ಲರೂ ಎದ್ದ ಮೇಲೆ ಮಗಳ ಹತ್ತಿರ ಬಂದು, ‘ಯವ್ವಾ, ಹದಿನೈದು ಚುಕ್ಕಿ ಇಟ್ಟು ಎಂಟಕ್ಕ ನಿಲ್ಲಿಸಿದ್ರ ಎಷ್ಟಾಕ್ಕಾವ?’ ಎಂದ.

‘ನೂರಾ ಅರವತ್ತೊಂಬತ್ತು, ಯಪ್ಪಾ.’

ಅವನು ಬೆರಳು ಮಡಚುತ್ತ ಬಹಳ ಹೊತ್ತು ನಿಂತ. ಲೆಕ್ಕ ಕೂಡಿತೋ ಇಲ್ಲವೋ, ಕಡೆಗೆ ಟೀಚರ ಕಡೆ ತಿರುಗಿ ಕೇಳಿದ:

‘ಮಸ್ಕಿ ಹೈಸ್ಕೂಲಿಗೆ ಬಸ್ ಪಾಸ್ ಹೆಂಗ ಮಾಡಸೂದ್ರಿ ಮೇಡಂ?’