ಮುಟ್ಟಿದ ಕಾಯಿ ನಡೆಸಲೇಬೇಕು

ಶಾಲಾ ಮಕ್ಕಳ ಚೆಸ್ ಟೂರ್ನಿಗೆ ರೂಲ್ಸ್ ಬರೆಯೋದರಲ್ಲಿ ಅಂಥದ್ದೇನಿದೆ ಅಂತ ನಿಮಗೆ ಅನ್ನಿಸಬಹುದು. ಫಿಡೆ ಅನ್ನೋ ಅಂತಾರಾಷ್ಟ್ರೀಯ ಸಂಸ್ಥೆ ಎಲ್ಲವನ್ನೂ ಬರೆದಿಟ್ಟಿದೆ, ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದರೆ ಮುಗೀತು. ಮಾಚೇನಹಳ್ಳಿಯಲ್ಲಿ ಒಂದು ಟೂರ್ನಿ ಮಾಡೋಣ ಅಂತ ಹೊರಟಾಗ ನನ್ನ ಗೆಳೆಯರೂ ಹಾಗೇ ಅಂದಿದ್ದು. "ನೀನು ಇಂಜಿನಿಯರ್ ಅಲ್ವಾ ಮಾರಾಯ, ರೂಲ್ಸ್ ನಿನ್ನ ಪಾಲಿಗೆ. ಒಂದು ಪೇಜ್ ಸಾಕು." ಆ ಒಂದು ಪೇಜ್ ಬರೆಯೋಕೆ ಮೂರು ಭಾನುವಾರ ಹಿಡೀತು.

ಮಾಚೇನಹಳ್ಳಿ ಗೊತ್ತಿಲ್ಲದವರಿಗೆ ಹೇಳ್ತೀನಿ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗೋ ದಾರಿಯಲ್ಲಿ ಸಿಗುತ್ತೆ. ಶಿಮುಲ್ ಡೈರಿ ಇರೋದು ಇಲ್ಲೇ, ಕೈಗಾರಿಕಾ ಪ್ರದೇಶವೂ ಇಲ್ಲೇ. ಎರಡೂ ಪೇಟೆಯ ಮಕ್ಕಳು ಬರಬಹುದು, ಸುತ್ತಲಿನ ಹಳ್ಳಿಗಳ ಮಕ್ಕಳೂ ಬರಬಹುದು ಅಂತ ಈ ಜಾಗ ಆರಿಸಿದ್ವಿ. 2024ರ ಡಿಸೆಂಬರ್‌ನಲ್ಲಿ ಗುಕೇಶ್ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ ಮೇಲೆ ಚೆಸ್ ಅಂದರೆ ಅಪ್ಪ ಅಮ್ಮಂದಿರ ಕಿವಿ ನೆಟ್ಟಗಾಗುತ್ತೆ. ನಮ್ಮ ಜಿಲ್ಲೆಯವರೇ ಆದ ಸ್ಟ್ಯಾನಿ ಗ್ರಾಂಡ್‌ಮಾಸ್ಟರ್ ಆಗಿದ್ದಾರೆ ಅನ್ನೋದೂ ಇಲ್ಲಿ ಕೆಲವರಿಗೆ ಗೊತ್ತು. ನಲವತ್ತು ಮಕ್ಕಳು ಬಂದರೆ ಹೆಚ್ಚು ಅಂದುಕೊಂಡಿದ್ವಿ. ಹೆಸರು ಕೊಟ್ಟವರು 97.

ಮೊದಲ ಜಗಳ ಶುರುವಾಗಿದ್ದೇ ಅಲ್ಲಿಂದ. ನಮ್ಮ ಜೊತೆಗಿದ್ದ ಪಿ.ಟಿ. ಮೇಷ್ಟ್ರೊಬ್ಬರು, "ನಾಕೌಟ್ ಮಾಡಿ ಸರ್, ಮಧ್ಯಾಹ್ನದೊಳಗೆ ಮುಗಿಯುತ್ತೆ" ಅಂದರು. ಲೆಕ್ಕದ ಪ್ರಕಾರ ಅವರು ಹೇಳಿದ್ದು ಸರಿ. ನಾಕೌಟ್‌ನಲ್ಲಿ ಪ್ರತಿ ಆಟಕ್ಕೂ ಒಬ್ಬರು ಮನೆಗೆ. 97 ಮಕ್ಕಳಲ್ಲಿ ಒಬ್ಬ ಗೆಲ್ಲೋಕೆ 96 ಆಟ ಸಾಕು. ಆದರೆ ಮೊದಲ ಸುತ್ತು ಮುಗಿದಾಗ 48 ಮಕ್ಕಳ ದಿನ ಮುಗಿದಿರುತ್ತೆ. ಬೆಳಿಗ್ಗೆ ಆರಕ್ಕೆ ಎದ್ದು, ಇಸ್ತ್ರಿ ಮಾಡಿದ ಯೂನಿಫಾರ್ಮ್ ಹಾಕ್ಕೊಂಡು, ಎರಡು ಬಸ್ ಬದಲಾಯಿಸಿ ಬಂದ ಮಗು ಅರ್ಧ ಗಂಟೆ ಆಡಿ ಸೋತು ವಾಪಸ್ ಹೋಗಬೇಕು. ಹಾಗಂತ ಎಲ್ಲರೂ ಎಲ್ಲರ ಜೊತೆ ಆಡಲಿ ಅಂದರೆ 4656 ಆಟ ಆಗುತ್ತೆ. ಅದು ಮುಗಿಯೋ ಹೊತ್ತಿಗೆ ಮಕ್ಕಳು ಕಾಲೇಜು ಸೇರಿರ್ತಾರೆ.

ಇದಕ್ಕೆ ಉತ್ತರ ಸಿಕ್ಕಿ ನೂರು ವರ್ಷದ ಮೇಲಾಯ್ತು. ಸ್ವಿಸ್ ಪದ್ಧತಿ ಅಂತಾರೆ, 1895ರಲ್ಲಿ ಜ್ಯೂರಿಕ್ ನಗರದ ಟೂರ್ನಿಯೊಂದರಲ್ಲಿ ಮೊದಲು ಬಳಸಿದ್ದು. ಯಾರೂ ಹೊರಗೆ ಹೋಗಲ್ಲ. ಗೆದ್ದರೆ ಒಂದು, ಡ್ರಾ ಆದರೆ ಅರ್ಧ, ಸೋತರೆ ಸೊನ್ನೆ. ಪ್ರತಿ ಸುತ್ತಿನಲ್ಲೂ ನಿನ್ನಷ್ಟೇ ಅಂಕ ಇರೋರ ಜೊತೆ, ಇಲ್ಲದಿದ್ದರೆ ಹತ್ತಿರದ ಅಂಕದವರ ಜೊತೆ ನಿನ್ನ ಆಟ. ಒಮ್ಮೆ ಆಡಿದವರ ಜೊತೆ ಮತ್ತೆ ಆಡೋ ಹಾಗಿಲ್ಲ. ಗೆದ್ದವರು ಗೆದ್ದವರ ಜೊತೆ ಸೇರಿ ಮೇಲಕ್ಕೆ ಹೋಗ್ತಾರೆ, ಸೋತವರಿಗೆ ತಮ್ಮಂಥವರು ಸಿಗ್ತಾರೆ. ಪ್ರೋಗ್ರಾಂ ಬರೆಯೋರಿಗೆ ಇದು ಬೈನರಿ ಸರ್ಚ್ ಥರ ಕಾಣುತ್ತೆ. ಎರಡರ ಏಳನೇ ಘಾತ 128, ಅಂದರೆ 128 ಮಕ್ಕಳವರೆಗೆ ಏಳು ಸುತ್ತು ಸಾಕು. ಒಬ್ಬರಿಗೆ 15 ನಿಮಿಷ ಅಂದರೆ ಒಂದು ಆಟ ಅರ್ಧ ಗಂಟೆ, ಮುಂದಿನ ಜೋಡಿ ಹಾಕೋಕೆ ಹತ್ತು ನಿಮಿಷ. ಏಳು ಸುತ್ತಿಗೆ ನಾಲ್ಕು ಗಂಟೆ ನಲವತ್ತು ನಿಮಿಷ. ಊಟ ಸೇರಿಸಿದರೂ ಸಂಜೆ ಬಸ್ಸಿಗೆ ಮಕ್ಕಳನ್ನ ಹತ್ತಿಸಬಹುದು. ಮೇಷ್ಟ್ರು ಕಾಗದದ ಮೇಲೆ ಎರಡು ಸಲ ಗುಣಿಸಿ ನೋಡಿ ಒಪ್ಪಿದರು.

97 ಬೆಸ ಸಂಖ್ಯೆ. ಹಾಗಾಗಿ ಪ್ರತಿ ಸುತ್ತಿನಲ್ಲೂ ಒಂದು ಮಗುವಿಗೆ ಎದುರಾಳಿ ಇರಲ್ಲ. ಅದಕ್ಕೆ ಬೈ ಅಂತಾರೆ, ಆಡದೇ ಒಂದು ಅಂಕ ಸಿಗುತ್ತೆ, ಒಬ್ಬರಿಗೆ ಒಂದೇ ಸಲ. ದೊಡ್ಡವರಿಗಾದರೆ ಖುಷಿ, ಕಾಫಿ ಕುಡಿಯೋಕೆ ಹೋಗ್ತಾರೆ. ಮಕ್ಕಳು ಹಾಗಲ್ಲ. ಎಲ್ಲರೂ ಆಡ್ತಿರುವಾಗ ತನ್ನೊಬ್ಬನನ್ನೇ ಕೂರಿಸಿದ್ದಾರೆ ಅಂದರೆ ಅದು ಶಿಕ್ಷೆ ಅಂತಲೇ ಅವರು ತಿಳಿಯೋದು. ಆದ್ದರಿಂದ 49ನೇ ಬೋರ್ಡು ಹಾಕಿ, ಬೈ ಸಿಕ್ಕ ಮಗುವಿನ ಜೊತೆ ನಮ್ಮಲ್ಲೊಬ್ಬರು ಸುಮ್ಮನೆ ಒಂದಾಟ ಆಡಬೇಕು ಅಂತ ಬರೆದೆ. ಇದು ಫಿಡೆ ಪುಸ್ತಕದಲ್ಲಿಲ್ಲ. ನಾಲ್ಕನೇ ಸುತ್ತಿನಲ್ಲಿ ಎಂಟು ವರ್ಷದ ಒಬ್ಬ ಹುಡುಗ ನನ್ನ ಮಂತ್ರಿಯನ್ನ ಹೊಡೆದು, "ಅಂಕಲ್, ನೀವು ಬೇಕಂತಲೇ ಬಿಟ್ರಾ?" ಅಂತ ಅನುಮಾನದಿಂದ ಕೇಳಿದ. ಬೇಕಂತ ಬಿಟ್ಟಿರಲಿಲ್ಲ.

ಆದರೆ ಮೂರು ಭಾನುವಾರ ಹಿಡಿದದ್ದು ಇದ್ಯಾವುದಕ್ಕೂ ಅಲ್ಲ, ಊರಿನ ಆಟಕ್ಕೆ.

ನಾನು ಚೆಸ್ ಕಲಿತದ್ದು ನಮ್ಮೂರ ಅರಳಿಕಟ್ಟೆ ಮೇಲೆ. ಅಲ್ಲಿನ ಚದುರಂಗದಲ್ಲಿ ಕಾಲಾಳು ಒಂದು ಸಲಕ್ಕೆ ಒಂದೇ ಮನೆ. ಕ್ಯಾಸ್ಲಿಂಗ್ ಅನ್ನೋದು ಇಲ್ಲವೇ ಇಲ್ಲ. ಅದರ ಬದಲು ರಾಜ ಇಡೀ ಆಟದಲ್ಲಿ ಒಂದೇ ಒಂದು ಸಲ ಕುದುರೆ ಥರ ಹಾರಬಹುದು, ಅದೂ ಅವನಿಗೆ ಅಲ್ಲಿವರೆಗೆ ಚೆಕ್ ಬಿದ್ದಿರಬಾರದು. ಕಾಲಾಳು ಕೊನೇ ಸಾಲು ಮುಟ್ಟಿದರೆ ಆ ಮನೆಯ ಕಾಯಿಯೇ ಆಗಬೇಕು. ಆನೆ ಮನೆಗೆ ಹೋದರೆ ಆನೆ, ಒಂಟೆ ಮನೆಗೆ ಹೋದರೆ ಒಂಟೆ. ಈ ಥರದ ನಿಯಮಗಳು ಬರೀ ನಮ್ಮೂರಿನವಲ್ಲ. ದೇಶದ ಬೇರೆ ಬೇರೆ ಕಡೆ ಸಣ್ಣಪುಟ್ಟ ವ್ಯತ್ಯಾಸಗಳೊಂದಿಗೆ ಜನ ಹೀಗೇ ಆಡ್ತಿದ್ದರು. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಅಪ್ಪನಿಂದ ಕಲಿತದ್ದೂ ದೇಸಿ ಆಟವನ್ನೇ. ಪಾಶ್ಚಾತ್ಯ ನಿಯಮಗಳನ್ನ ಆತ ಕಲಿತದ್ದು ದೊಡ್ಡವನಾದ ಮೇಲೆ. ಆಮೇಲೆ ಇಂಗ್ಲೆಂಡಿಗೆ ಹೋಗಿ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದ. ಫಿಡೆ ಅವನಿಗೆ ಗೌರವ ಗ್ರಾಂಡ್‌ಮಾಸ್ಟರ್ ಪದವಿ ಕೊಟ್ಟಿದ್ದು 2024ರಲ್ಲಿ, ಸತ್ತು ಎಷ್ಟೋ ದಶಕ ಆದ ಮೇಲೆ.

ಹಳ್ಳಿ ಶಾಲೆಗಳಿಂದ ಬರೋ ಮಕ್ಕಳಲ್ಲಿ ಕೆಲವರಾದರೂ ಈ ಕಟ್ಟೆ ಆಟ ಕಲಿತೇ ಬರ್ತಾರೆ ಅಂತ ನನಗೆ ಗೊತ್ತಿತ್ತು. ಅವರನ್ನ ಏನು ಮಾಡೋದು? ಒಬ್ಬರು, "ರೂಲ್ಸ್ ಗೊತ್ತಿಲ್ಲದೇ ಯಾಕೆ ಬರಬೇಕು?" ಅಂದರು. ಇನ್ನೊಬ್ಬರು, "ಪಾಪ, ಹಳ್ಳಿ ಮಕ್ಕಳು, ಸ್ವಲ್ಪ ಬಿಟ್ಟುಬಿಡಿ" ಅಂದರು. ಎರಡೂ ಮಾತು ನನಗೆ ಒಂದೇ ಕಡೆ ಚುಚ್ಚಿದವು.

ಯಾಕೆ ಅಂತ ಹೇಳ್ತೀನಿ. ಸಿ.ಇ.ಟಿ. ಬರೆದಾಗ ನನಗೂ ಪೇಟೆ ಹುಡುಗರಿಗೂ ಒಂದೇ ಪೇಪರ್, ಒಂದೇ ಟೈಮು. ರ‍್ಯಾಂಕ್ ಬಂತು, ಬಿ.ಇ. ಸೀಟು ಸಿಕ್ತು, ಯಾರನ್ನೂ ದೂರೋ ಹಾಗಿರಲಿಲ್ಲ. ನಾಲ್ಕು ವರ್ಷ ಕಳೆದು ಮೊದಲ ಕ್ಯಾಂಪಸ್ ಇಂಟರ್‌ವ್ಯೂಗೆ ಹೋದೆ. ಕಂಪನಿ ಯಾವುದು ಅನ್ನೋದು ಬೇಡ. ಅಲ್ಲೂ ಎಲ್ಲರಿಗೂ ಒಂದೇ ಪ್ರಶ್ನೆ: "ನಿಮ್ಮ ಬಗ್ಗೆ ಹೇಳಿ." ನಾನು ನನ್ನ ಹೆಸರು, ಅಪ್ಪನ ಹೆಸರು, ಊರು, ತಾಲ್ಲೂಕು, ಜಿಲ್ಲೆ ಹೇಳಿದೆ. ಪಕ್ಕದವನು ತನ್ನ ಪ್ರಾಜೆಕ್ಟು, ತನ್ನ ಗುರಿ ಅಂತ ಎರಡು ನಿಮಿಷ ಗಂಟೆ ಹೊಡೆದ ಹಾಗೆ ಮಾತಾಡಿದ. ಆ ಪ್ರಶ್ನೆಗೆ ಹಾಗೊಂದು ಉತ್ತರ ಇರುತ್ತೆ ಅಂತ ಅವನ ಮನೆಯಲ್ಲಿ ಹೇಳಿದ್ದರು. ನಮ್ಮ ಮನೆಯಲ್ಲಿ ಹೇಳೋಕೆ ಯಾರಿಗೂ ಗೊತ್ತಿರಲಿಲ್ಲ. ಆ ಕೆಲಸ ಸಿಗಲಿಲ್ಲ. ಪಾಪ ಅಂತ ಆ ದಿನ ಯಾರಾದರೂ ಕೆಲಸ ಕೊಟ್ಟಿದ್ದರೂ ನನಗೆ ಸಮಾಧಾನ ಆಗ್ತಿರಲಿಲ್ಲ. ಒಂದು ವಾರ ಮುಂಚೆ ಯಾರಾದರೂ ಹೇಳಿದ್ದರೆ ಸಾಕಿತ್ತು.

ಹಾಗಾಗಿ ನಮ್ಮ ಪೇಜಿನಲ್ಲಿ ಎರಡು ಕಾಲಂ ಮಾಡಿದೆ. ಎಡಗಡೆ "ಊರಿನ ಆಟ", ಬಲಗಡೆ "ಇಲ್ಲಿಯ ಆಟ". ಊರಲ್ಲಿ ಕಾಲಾಳು ಒಂದೇ ಮನೆ. ಇಲ್ಲಿ ಮೊದಲ ನಡೆಗೆ ಬೇಕಾದರೆ ಎರಡು. ಊರಲ್ಲಿ ರಾಜ ಹಾರ್ತಾನೆ. ಇಲ್ಲಿ ಹಾರಲ್ಲ, ಎರಡು ಮನೆ ಸರಿದು ಕ್ಯಾಸ್ಲಿಂಗ್ ಮಾಡ್ತಾನೆ. ಕ್ಯಾಸ್ಲಿಂಗ್ ಮಾಡುವಾಗ ರಾಜನನ್ನೇ ಮೊದಲು ಮುಟ್ಟಬೇಕು. ಮುಟ್ಟಿದ ಕಾಯಿ ನಡೆಸಲೇಬೇಕು. ಕಾಯಿ ಓರೆಯಾಗಿದ್ದರೆ ಮೊದಲು "ಸರಿ ಮಾಡ್ತೀನಿ" ಅಂತ ಹೇಳಿ ಆಮೇಲೆ ಮುಟ್ಟಬೇಕು. ಯಾವ ಕೈಯಲ್ಲಿ ಕಾಯಿ ನಡೆಸಿದೆಯೋ ಅದೇ ಕೈಯಲ್ಲಿ ಗಡಿಯಾರ ಒತ್ತಬೇಕು. ಅನುಮಾನ ಬಂದರೆ ಜಗಳ ಬೇಡ, ಗಡಿಯಾರ ನಿಲ್ಲಿಸಿ ಕೈ ಎತ್ತಬೇಕು. ಅಪ್ಪ ಅಮ್ಮಂದಿರು ಹಾಲ್ ಹೊರಗೆ. ಇಬ್ಬರ ಅಂಕ ಸಮ ಆದರೆ, ಯಾರು ಎದುರಿಸಿದ ಎದುರಾಳಿಗಳ ಒಟ್ಟು ಅಂಕ ಜಾಸ್ತಿಯೋ ಅವರು ಮುಂದೆ. ಇದಕ್ಕೆ ಬುಖೋಲ್ಜ್ ಅಂತ ಹೆಸರು, ಹೆಸರು ನೆನಪಿಡೋದು ಬೇಡ. ಎಲ್ಲಾ ಕನ್ನಡದಲ್ಲಿ. ಒಂದು ವಾರ ಮುಂಚೆ ಶಾಲೆಗಳಿಗೆ ವಾಟ್ಸಾಪ್ ಮಾಡಿದ್ವಿ. ಬೆಳಿಗ್ಗೆ ದೊಡ್ಡ ಬೋರ್ಡ್ ನೇತುಹಾಕಿ ಆರ್ಬಿಟರ್ ಸರ್ ಒಂದೊಂದನ್ನೂ ಮಾಡಿ ತೋರಿಸಿದರು. ತಡವಾಗಿ ಬಂದವರಿಗಾಗಿ ಎರಡನೇ ಸುತ್ತಿಗೆ ಮುಂಚೆ ಇನ್ನೊಂದು ಸಲ ತೋರಿಸಿದರು.

ಆದರೂ ಆಯ್ತು. ಮೂರನೇ ಸುತ್ತು, ಒಂಬತ್ತನೇ ಬೋರ್ಡು. ಹಳ್ಳಿಯ ಸರ್ಕಾರಿ ಶಾಲೆಯ ಏಳನೇ ಕ್ಲಾಸಿನ ಹುಡುಗಿ, ಮೊದಲೆರಡೂ ಆಟ ಗೆದ್ದು ಮೇಲೆ ಬಂದಿದ್ದಳು. ಎದುರಿಗೆ ಕೋಚಿಂಗ್‌ಗೆ ಹೋಗೋ ಪೇಟೆ ಹುಡುಗ. ಅವಳ ರಾಜ ಇನ್ನೂ ನಡುಮನೆಯಲ್ಲೇ ಇದ್ದ, ಎದುರಿನ ಆನೆ ನೇರ ನೋಡ್ತಿತ್ತು. ಅವಳು ರಾಜನನ್ನ ಎತ್ತಿ ಕುದುರೆ ಥರ ಹಾರಿಸಿ ಕೂರಿಸಿ ಗಡಿಯಾರ ಒತ್ತಿದಳು. ಹುಡುಗ ಹೇಳಿಕೊಟ್ಟ ಹಾಗೇ ಗಡಿಯಾರ ನಿಲ್ಲಿಸಿ ಕೈ ಎತ್ತಿದ.

ಆರ್ಬಿಟರ್ ಸರ್ ಬಂದರು. "ಪುಟ್ಟಾ, ರಾಜ ಹಾರಲ್ಲ ಅಂತ ಬೆಳಿಗ್ಗೆ ತೋರಿಸಿದ್ದೆ ಅಲ್ವಾ?" ಅವಳು ನಾಲಿಗೆ ಕಚ್ಚಿಕೊಂಡು, "ಹೂಂ ಸರ್, ಗೊತ್ತು ಸರ್" ಅಂದಳು. ನಿಜವಾಗಲೂ ಗೊತ್ತಿತ್ತು. ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಅವರು ಕಾಯಿಯನ್ನ ವಾಪಸ್ ಇಟ್ಟು, ನಿಯಮದ ಪ್ರಕಾರ ಹುಡುಗನ ಗಡಿಯಾರಕ್ಕೆ ಎರಡು ನಿಮಿಷ ಸೇರಿಸಿದರು. ಇನ್ನೊಂದು ಸಲ ಹೀಗಾದರೆ ಆಟ ಸೋತ ಹಾಗೆ ಅಂತ ಮೆಲ್ಲಗೆ ಹೇಳಿದರು. ರಾಜನನ್ನ ಮುಟ್ಟಿದ್ದಾಗಿತ್ತು, ಅವನನ್ನೇ ನಡೆಸಬೇಕು. ಪಕ್ಕದ ಒಂಟೆ ಇನ್ನೂ ಎದ್ದಿರಲಿಲ್ಲ, ಹಾಗಾಗಿ ಕ್ಯಾಸ್ಲಿಂಗ್‌ಗೂ ದಾರಿ ಇರಲಿಲ್ಲ. ಒಂದು ಮನೆ ಸರಿಸಿದಳು. ಹತ್ತು ನಡೆಯೊಳಗೆ ಆಟ ಹೋಯ್ತು.

ನನ್ನ ಪಕ್ಕ ನಿಂತಿದ್ದ ಗೆಳೆಯ, "ಒಂದು ಸಲ ಬಿಟ್ಟಿದ್ದರೆ ಏನಾಗ್ತಿತ್ತು?" ಅಂತ ಕೇಳಿದ. ಬಿಟ್ಟಿದ್ದರೆ ಕೈ ಎತ್ತಿದ ಆ ಹುಡುಗನಿಗೆ ನಾವು ಏನು ಹೇಳ್ತಿದ್ವಿ? ಅವನೂ ಮಗುವೇ. ಆ ಹುಡುಗಿಗಂತೂ, ನಿನಗೆ ಬೇರೆ ರೂಲ್ಸ್ ಅಂತ ಹೇಳಿದ ಹಾಗಾಗ್ತಿತ್ತು. ಅಂಥ ರಿಯಾಯಿತಿ ತಗೊಂಡು ಗೆದ್ದರೆ ಅದು ಎಷ್ಟು ದಿನ ಚುಚ್ಚುತ್ತೆ ಅಂತ ಹಳ್ಳಿಯಿಂದ ಬಂದವರಿಗೆ ಬಿಡಿಸಿ ಹೇಳಬೇಕಿಲ್ಲ.

ನಾಕೌಟ್ ಆಗಿದ್ದರೆ ಅವಳು ಅಲ್ಲಿಗೇ ಬ್ಯಾಗ್ ಎತ್ತಿಕೊಂಡು ಹೊರಡಬೇಕಿತ್ತು. ಅವಳಿಗೆ ಇನ್ನೂ ನಾಲ್ಕು ಸುತ್ತು ಬಾಕಿ ಇತ್ತು. ಊಟದ ಹೊತ್ತಿಗೆ ನೋಡ್ತೀನಿ, ಜಗಲಿ ಮೇಲೆ ಅವಳೂ ಅದೇ ಹುಡುಗನೂ ಬೋರ್ಡ್ ಹರಡಿಕೊಂಡು ಕೂತಿದ್ದಾರೆ. ಅವನು ಕ್ಯಾಸ್ಲಿಂಗ್ ತೋರಿಸ್ತಿದ್ದ, ಅವಳು ಹಾರೋ ರಾಜನ್ನ ತೋರಿಸ್ತಿದ್ದಳು. "ಇದು ಮಸ್ತ್ ಇದೆ, ಇದನ್ನ ಯಾಕೆ ತೆಗೆದ್ರು?" ಅಂತ ಅವನು ಕೇಳ್ತಿದ್ದ. ಚಿತ್ರಾನ್ನದ ತಟ್ಟೆ ಪಕ್ಕದಲ್ಲೇ ಆರ್ತಿತ್ತು.

ನಾಲ್ಕನೇ ಸುತ್ತನ್ನೂ ಅವಳು ಸೋತಳು. ಐದನೇದರಲ್ಲಿ ಒಂಟೆ, ಕುದುರೆ ಎರಡನ್ನೂ ಬೇಗ ಎಬ್ಬಿಸಿ, ರಾಜನನ್ನೇ ಮೊದಲು ಮುಟ್ಟಿ ಕ್ಯಾಸ್ಲಿಂಗ್ ಮಾಡಿದಳು. ಆ ಆಟ ಗೆದ್ದಳು. ಆರನೇದು ಡ್ರಾ, ಏಳನೇದು ಗೆಲುವು. ಏಳರಲ್ಲಿ ನಾಲ್ಕೂವರೆ. ಬಹುಮಾನದ ಪಟ್ಟಿಯಲ್ಲಿ ಅವಳ ಹೆಸರಿಲ್ಲ. ಹೊರಡೋ ಮುಂಚೆ ಬಂದು, "ಸರ್, ಆ ರೂಲ್ಸ್ ಪೇಪರ್ ಇನ್ನೊಂದು ಇದ್ಯಾ? ನಮ್ಮ ಶಾಲೇಲಿ ಅಂಟಿಸಬೇಕು" ಅಂತ ಕೇಳಿದಳು. ಐದು ಕೊಟ್ಟೆ.

ಮ್ಯಾನೇಜರ್ ಆದವರು, ಇಂಟರ್‌ವ್ಯೂ ತಗೊಳ್ಳೋರು ನಿಮ್ಮಲ್ಲೂ ತುಂಬಾ ಜನ ಇದ್ದೀರಿ. "ನಮ್ಮಲ್ಲಿ ಎಲ್ಲರಿಗೂ ಒಂದೇ ರೂಲ್" ಅಂತ ಹೇಳೋಕೆ ನಮಗೆಲ್ಲ ಇಷ್ಟ. ಹೇಳೋಣ. ಅದರ ಜೊತೆಗೆ ಇನ್ನೆರಡು ನೋಡಬೇಕು. ಆ ರೂಲ್ ಅವರ ಭಾಷೆಯಲ್ಲಿ, ಆಟಕ್ಕೆ ಮುಂಚೆ ಅವರಿಗೆ ತಲುಪಿತ್ತಾ? ಒಂದು ಸಲ ಎಡವಿದರೆ ಇನ್ನೂ ನಾಲ್ಕು ಸುತ್ತು ಇದ್ಯಾ? ಇವೆರಡೂ ಇಲ್ಲದೆ ಒಂದೇ ರೂಲ್ ಅಂದರೆ, ಮನೆಯಲ್ಲೇ ಕಲಿತು ಬಂದವರಿಗೆ ಮಾತ್ರ ಅನುಕೂಲ.

ನಿಮ್ಮೂರಲ್ಲಿ ಯಾರಾದರೂ ಟೂರ್ನಿ ಮಾಡೋದಾದರೆ ಹೇಳಿ. ಆ ಎರಡು ಕಾಲಂ ಪೇಜ್ ಕಳಿಸ್ತೀನಿ. ಎಡಗಡೆ ಕಾಲಂನಲ್ಲಿ ನಿಮ್ಮೂರಿನ ಆಟ ಹಾಕ್ಕೊಳ್ಳಿ. 49 ಬೋರ್ಡೂ ನಮ್ಮನೆ ಅಟ್ಟದ ಮೇಲಿವೆ, ತಗೊಂಡು ಹೋಗಬಹುದು. ಒಂದು ಬಿಳಿ ಕುದುರೆ ಮಾತ್ರ ಕಮ್ಮಿ ಇದೆ, ಬಾಟಲಿ ಮುಚ್ಚಳ ಇಟ್ಕೊಂಡು ಸುಧಾರಿಸಿಕೊಳ್ಳಿ.