ಮೊಮ್ಮಗನ ಬ್ಯಾಟರಿ ಖಾತೆ

ಪುಣೆಯಿಂದ ಧಾರವಾಡಕ್ಕೆ ಕಾರಿನಲ್ಲಿ ಹೋದರೆ ನಾನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ಸಾತಾರಾದ ಹತ್ತಿರ ಚಹಾ, ಕೊಲ್ಹಾಪುರದ ಹತ್ತಿರ ಊಟ, ಕಾಗಲ್ ದಾಟಿ ನಿಪ್ಪಾಣಿ ಬರುತ್ತಿದ್ದಂತೆ ಅಂಗಡಿಗಳ ಮೇಲೆ ಕನ್ನಡ ಅಕ್ಷರ. ಆ ಅಕ್ಷರ ಕಂಡ ಕೂಡಲೇ ನಾನು ಸೀಟಿನಲ್ಲಿ ಸ್ವಲ್ಪ ನೆಟ್ಟಗಾಗಿ ಕೂಡುತ್ತೇನಂತೆ. ಹಾಗಂತ ನನ್ನ ಸೊಸೆ ಚೇಷ್ಟೆ ಮಾಡುತ್ತಾಳೆ. ಆಕೆ ಪುಣೆಯವಳೇ, ಮರಾಠಿ ಮನೆತನದವಳು. ಚೇಷ್ಟೆಯಾದರೂ ಹೇಳುವುದು ನಿಜ.

2024ರ ಮೇ ತಿಂಗಳಲ್ಲಿ ಹೀಗೇ ಹೊರಟಿದ್ದೆವು. ಸಾತಾರಾ ಇನ್ನೂ ಬಂದಿರಲಿಲ್ಲ, ಹಿಂದಿನ ಸೀಟಿನಿಂದ ಮೊಮ್ಮಗ ಕೂಗಿದ: "ಸಂಪಲೀ!" ಸಂಪಲೀ ಅಂದರೆ ಮರಾಠಿಯಲ್ಲಿ ಮುಗಿಯಿತು ಅಂತ. ಮುಗಿದದ್ದು ಅವನ ಕೈಯಲ್ಲಿದ್ದ ಆಟದ ಯಂತ್ರದ ಬ್ಯಾಟರಿ.

ಆ ಯಂತ್ರದ ಹೆಸರು ಸ್ಟೀಮ್ ಡೆಕ್. ಅಮೆರಿಕದ ವಾಲ್ವ್ ಕಂಪನಿ 2022ರಲ್ಲಿ ಹೊರತಂದದ್ದು. ಏಳು ಇಂಚಿನ ಪರದೆ, ಎರಡೂ ಬದಿಗೆ ಹಿಡಿಕೆ ಮತ್ತು ಗುಂಡಿಗಳು, ತೂಕ 669 ಗ್ರಾಂ. ನೋಡಲಿಕ್ಕೆ ಆಟಿಗೆ, ಒಳಗೆ ಪೂರಾ ಕಂಪ್ಯೂಟರು. ಮಗ 2023ರಲ್ಲಿ ಆಫೀಸಿನ ಕೆಲಸದ ಮೇಲೆ ಅಮೆರಿಕಕ್ಕೆ ಹೋದಾಗ ತಂದಿದ್ದ. ಈ ಮಾದರಿಯ ಬ್ಯಾಟರಿ ಎರಡರಿಂದ ಎಂಟು ತಾಸು ಬರುತ್ತದೆ ಅಂತ ಕಂಪನಿಯೇ ಹೇಳಿದೆ. ಎರಡಕ್ಕೂ ಎಂಟಕ್ಕೂ ಎಷ್ಟು ಅಂತರ ನೋಡಿ! ನಮ್ಮ ಹುಡುಗ ಮೋಟಾರು ರೇಸಿನ ಭಾರಿ ಆಟ ಹಚ್ಚಿ, ಪರದೆಯ ಬೆಳಕು ತುದಿಗೇರಿಸಿ ಕೂತಿದ್ದ. ಅವನ ಪಾಲಿಗೆ ಎರಡು ತಾಸೂ ಪೂರ್ತಿ ಸಿಗಲಿಲ್ಲ.

ಕಾರಿನ ಚಾರ್ಜರಿಗೆ ಸಿಕ್ಕಿಸಿ ಮತ್ತೆ ಆಡಿದ. ಅದು ಮೊಬೈಲಿನ ಸಣ್ಣ ಚಾರ್ಜರು, 10 ವಾಟ್ ಕೊಡುವಂಥದು; ಯಂತ್ರ ತಿನ್ನುವುದು ಅದರ ಎರಡು ಪಟ್ಟು. ಜಮಾಕ್ಕಿಂತ ಖರ್ಚು ಹೆಚ್ಚಾದ ಖಾತೆ ಎಷ್ಟು ದಿನ ನಡೆದೀತು? ಸ್ವಲ್ಪ ಹೊತ್ತಿಗೆ ಮತ್ತೆ ಸಂಪಲೀ. ಅಲ್ಲಿಂದ ಧಾರವಾಡದವರೆಗೆ ಹುಡುಗ ಮಾರಿ ಊದಿಸಿಕೊಂಡು ಕಿಡಕಿಯ ಹೊರಗೆ ನೋಡುತ್ತ ಕೂತ. ನಾನು ಕಿತ್ತೂರು ಬಂತು, ಚೆನ್ನಮ್ಮನ ಊರು ಅಂದೆ. ಉತ್ತರವಿಲ್ಲ.

ಧಾರವಾಡದಲ್ಲಿ ನಮ್ಮ ಹಳೇ ಮನೆಯಲ್ಲಿ ಈಗ ನನ್ನ ಅಕ್ಕ ಒಬ್ಬಳೇ ಇದ್ದಾಳೆ. ಎಂಬತ್ತು ದಾಟಿದ ಜೀವ. ಬಾಗಿಲಲ್ಲೇ ನಿಂತಿದ್ದಳು. ಹುಡುಗನ ಗಲ್ಲ ಸವರಿ, "ಊಟಾ ಆತೇನು ತಮ್ಮಾ? ಯಾಕ ಮಾರಿ ಇಷ್ಟ ಸಣ್ಣ ಮಾಡೀದಿ?" ಅಂದಳು. ಅವನು ನನ್ನ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದ, "ಆಜೀ ಕಾಯ್ ಮ್ಹಣತೇ?" ಅಜ್ಜಿ ಏನಂತಾಳೆ ಅಂತ.

ಅಕ್ಕ ಏನೂ ಅನ್ನಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ನನಗೊಬ್ಬನಿಗೇ ಹೇಳಿದಳು, "ಹ್ವಾದ ವರ್ಷ ಅರ್ಧಾ ತಿಳೀತಿತ್ತು. ಈ ಸಲಾ ಅದೂ ತಿಳೀವಲ್ದಲ್ಲೋ ಅವಗ."

ಹೊರನಾಡಿನಲ್ಲಿ ಇದ್ದವರಿಗೆ ಈ ಮಾತು ಎಲ್ಲಿ ತಾಗುತ್ತದೆ ಅಂತ ಊರಲ್ಲೇ ಇರುವ ನಿಮಗೆ ಹೇಗೆ ಹೇಳಲಿ? ನಾನೂ ನನ್ನ ಕರ್ತವ್ಯ ಮಾಡಿದ್ದೇನೆ ಅಂತಲೇ ತಿಳಿದಿದ್ದೆ. ಪ್ರತಿ ಬ್ಯಾಸಿಗೆಗೆ ಮೂರು ವಾರ ಊರಿಗೆ ಕರೆತರುತ್ತಿದ್ದೆ. ಮೂರು ವಾರ ಕನ್ನಡದಲ್ಲೇ ಇದ್ದರೆ ಹುಡುಗ ತುಂಬಿಕೊಳ್ಳುತ್ತಾನೆ, ಅದು ವರ್ಷಪೂರ್ತಿ ಬರುತ್ತದೆ ಅಂತ ನನ್ನ ಲೆಕ್ಕ. ಪುಣೆಗೆ ಮರಳಿದ ಮೇಲೆ ಶಾಲೆಯಲ್ಲಿ ಇಂಗ್ಲಿಷು, ಓಣಿಯಲ್ಲಿ ಮರಾಠಿ, ಮನೆಯಲ್ಲಿ ಎರಡೂ. ಗಣಪತಿ ಹಬ್ಬದ ಹೊತ್ತಿಗೆ ಖಾತೆ ಖಾಲಿ.

ಮರಳಿ ಬಂದ ಮೇಲೆ ಜೂನ್‌ನಲ್ಲಿ ಹುಡುಗ ತಾನಾಗೇ ನನ್ನ ಹತ್ತಿರ ಬಂದ. "ಆಜೋಬಾ, ತುಮ್ಹೀ ಬ್ಯಾಂಕೇತ ಹೋತಾ ನಾ?" ಬ್ಯಾಂಕಿನಲ್ಲಿದ್ದೆಯಲ್ಲ, ಈ ಬ್ಯಾಟರಿ ಎಲ್ಲಿ ಖರ್ಚಾಗುತ್ತದೆ ಅಂತ ಲೆಕ್ಕ ಹಾಕಿ ಕೊಡು ಅಂದ. ಎಂ.ಕಾಂ. ಕಲಿತು ಮೂವತ್ತೈದು ವರ್ಷ ಲೆಡ್ಜರು ನೋಡಿದವನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದು? ಒಂದು ಉದ್ದನೆಯ ನೋಟುಬುಕ್ಕು ತಂದೆ. ಕರಾರು ಒಂದೇ: ಅಂಕಿಗಳನ್ನು ಕನ್ನಡದಲ್ಲಿ ಹೇಳಬೇಕು. ನಾನು ಬರೆಯುತ್ತೇನೆ.

ಮೊದಲು ನಾನೇ ಎಡವಿದೆ. ನಮ್ಮ ಮನೆಯಲ್ಲಿ ಹಿಂದೆ ಕಾರ್ಡ್‌ಲೆಸ್ ಫೋನು ಇತ್ತು. ಅದರದು ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ. ಅರ್ಧ ಖರ್ಚಾದಾಗಲೇ ಚಾರ್ಜಿಗೆ ಇಡುತ್ತ ಹೋದರೆ ಅದು ಅರ್ಧಕ್ಕೇ ರೂಢಿಯಾಗುತ್ತದೆ, ಪೂರಾ ಬರಿದು ಮಾಡಿ ಪೂರಾ ತುಂಬಬೇಕು ಅಂತ ಆಗ ಹೇಳುತ್ತಿದ್ದರು. ಅದೇ ಶಿಸ್ತನ್ನು ಇಲ್ಲೂ ಹೇರಿದೆ. ಸೊನ್ನೆಯಾಗುವ ತನಕ ಚಾರ್ಜಿಗೆ ಹಚ್ಚಬಾರದು, ಹಚ್ಚಿದರೆ ನೂರಾಗುವ ತನಕ ತೆಗೆಯಬಾರದು. ಮಗ ಒಂದು ವಾರ ನೋಡಿ ಕೊನೆಗೆ ಬಾಯಿಬಿಟ್ಟ: "ಅಪ್ಪಾ, ಇದು ಲಿಥಿಯಂ. ಆ ಕಾಯ್ದೆ ಇದಕ್ಕಿಲ್ಲ. ಉಲ್ಟಾ ಐತಿ."

ಲಿಥಿಯಂ-ಅಯಾನ್ ಬ್ಯಾಟರಿ ಮಾರುಕಟ್ಟೆಗೆ ಬಂದದ್ದು 1991ರಲ್ಲಿ, ಸೋನಿ ಕಂಪನಿಯಿಂದ. ಅದರ ಹಿಂದಿನ ವಿಜ್ಞಾನಕ್ಕಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಮೂವರಿಗೂ 2019ರಲ್ಲಿ ನೊಬೆಲ್ ಬಂತು. ಈ ಬ್ಯಾಟರಿಗೆ ಹಳೇ ನೆನಪಿನ ರೋಗವಿಲ್ಲ. ಪೂರಾ ಬರಿದಾಗಿ ಬಿದ್ದಿರುವುದೂ ಇದಕ್ಕೆ ಒಗ್ಗದು, ನೂರಕ್ಕೆ ನೂರು ತುಂಬಿಕೊಂಡು ದಿನಗಟ್ಟಲೆ ಕೂಡುವುದೂ ಒಗ್ಗದು. ಇಪ್ಪತ್ತು ಮತ್ತು ಎಂಬತ್ತರ ನಡುವೆ ಓಡಾಡಿಕೊಂಡಿದ್ದರೆ ಬಹಳ ವರ್ಷ ಬಾಳುತ್ತದೆ. ಆಗಾಗ ಸ್ವಲ್ಪ ಸ್ವಲ್ಪ ಹಾಕುತ್ತಿದ್ದರೆ ಅದಕ್ಕೆ ಖುಷಿ. ಯಾವಾಗಾದರೊಮ್ಮೆ ಪೂರಾ ಇಳಿಸಿ ಏರಿಸುವುದುಂಟು, ಆದರೆ ಅದು ಬ್ಯಾಟರಿಗಾಗಿ ಅಲ್ಲ. ಪರದೆಯ ಮೇಲಿನ ಶೇಕಡಾ ಅಂಕಿ ತಪ್ಪು ತೋರಿಸತೊಡಗಿದರೆ ಅದನ್ನು ಸರಿಮಾಡಲಿಕ್ಕೆ. ಪಾಸ್‌ಬುಕ್ಕಿಗೂ ಲೆಡ್ಜರಿಗೂ ತಾಳೆ ನೋಡಿದ ಹಾಗೆ.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ನಮ್ಮ ತಂದೆಯವರ ಟ್ರಾನ್ಸಿಸ್ಟರಿನ ಸೆಲ್ಲು ಕ್ಷೀಣವಾದಾಗ ಅವರು ಅದನ್ನು ಅಂಗಳದ ಬಿಸಿಲಿಗೆ ಇಡುತ್ತಿದ್ದರು. ಬಿಸಿ ತಾಗಿದ ಸೆಲ್ಲು ಇನ್ನೊಂದೆರಡು ದಿನ ಧಾರವಾಡ ಆಕಾಶವಾಣಿ ಕೇಳಿಸುತ್ತಿತ್ತು. ಹಳೇ ಸೆಲ್ಲಿಗೆ ಅದು ನಡೆಯುತ್ತಿತ್ತು. ಬಿಸಿಗೆ ಒಳಗಿನ ರಸಾಯನಿಕ ಕ್ರಿಯೆ ತುಸು ಚುರುಕಾಗುತ್ತದೆ. ಆ ನೆನಪಿನ ಮೇಲೆ ನಾನು ಒಂದು ದಿನ ಯಂತ್ರವನ್ನು ಬಾಲ್ಕನಿಯ ಬಿಸಿಲಿಗೆ ಇಟ್ಟೆ. ಶಾಲೆಯಿಂದ ಬಂದ ಹುಡುಗ ಹೊಡೆದ ಕೂಗು ಎದುರಿನ ಕಟ್ಟಡದವರೆಗೆ ಕೇಳಿಸಿರಬೇಕು. ಲಿಥಿಯಂ ಬ್ಯಾಟರಿಗೆ ಸೆಕೆಯೇ ವೈರಿ. ತುಂಬಿದ ಬ್ಯಾಟರಿ ಬಿಸಿಲಲ್ಲಿದ್ದರಂತೂ ಬೇಗ ಮುಪ್ಪಾಗುತ್ತದೆ, ಕೆಲವೊಮ್ಮೆ ದಿಂಬಿನ ಹಾಗೆ ಉಬ್ಬುತ್ತದೆ. ಬ್ಯಾಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೂ ಬಿಟ್ಟು ಬರಬಾರದು. ಪುಣ್ಯಕ್ಕೆ ನಮ್ಮದಕ್ಕೆ ಏನೂ ಆಗಲಿಲ್ಲ. ನನಗೆ ಮಾತ್ರ ಆ ಸಂಜೆ ಮಾತಿಲ್ಲ.

ಇರಲಿ. ಲೆಕ್ಕಕ್ಕೆ ಬರೋಣ. ಈ ಬ್ಯಾಟರಿಯ ಠೇವಣಿ 40 ವಾಟ್-ಅವರ್. ಯಂತ್ರ ಈ ಕ್ಷಣ ಎಷ್ಟು ವಾಟ್ ತಿನ್ನುತ್ತಿದೆ ಅಂತ ಪರದೆಯ ಮೂಲೆಯಲ್ಲಿ ಕಾಣುವ ಹಾಗೆ ಮಾಡಬಹುದು. ಶಿಲ್ಕು ಭಾಗಿಲೆ ಖರ್ಚು, ಉತ್ತರ ತಾಸು. ಅಷ್ಟೇ. ಮೋಟಾರು ರೇಸಿನ ಆಟಕ್ಕೆ ಹುಡುಗ ಓದಿ ಹೇಳಿದ ಅಂಕಿ, "ಇಪ್ಪತ್ತ ಮತ್ತ ಎರಡು." ಇಪ್ಪತ್ತೆರಡು ಅನ್ನು ಅಂದೆ. ನಲವತ್ತನ್ನು ಇಪ್ಪತ್ತೆರಡರಿಂದ ಭಾಗಿಸಿದರೆ ಒಂದು ತಾಸು ನಲವತ್ತೊಂಬತ್ತು ನಿಮಿಷ. ಸಾತಾರಾದ ರಹಸ್ಯ ಬಯಲಾಯಿತು.

ಮುಂದೆ ಒಂದೊಂದೇ ಬಾಬತ್ತು ಹಿಡಿದೆವು. ವೈ-ಫೈ, ಬ್ಲೂಟೂತ್ ಬಂದ್ ಮಾಡಿದರೆ ಉಳಿಯುವುದು ಚಿಲ್ಲರೆ. ಪರದೆಯ ಬೆಳಕು ಅರ್ಧಕ್ಕಿಳಿಸಿದರೆ ಅದಕ್ಕಿಂತ ಹೆಚ್ಚು. ಬ್ರಾಂಚಿನ ಚಹಾದ ಖರ್ಚು ಕತ್ತರಿಸಿ ಸುಸ್ತಿ ಸಾಲ ಮರೆತ ಮ್ಯಾನೇಜರುಗಳನ್ನು ನಾನು ಕಂಡಿದ್ದೇನೆ. ದೊಡ್ಡ ಖರ್ಚು ಯಾವುದು ಅಂತ ಮೊದಲು ನೋಡಬೇಕು. ಇಲ್ಲಿ ದೊಡ್ಡ ಖರ್ಚು ಚಿತ್ರ ಬರೆಯುವುದು. ಯಂತ್ರ ಸೆಕೆಂಡಿಗೆ 60 ಚಿತ್ರ ಬರೆದು ತೋರಿಸುತ್ತಿರುತ್ತದೆ. ಅದನ್ನು 40ಕ್ಕೆ ಇಳಿಸಿದರೆ ಆಟಕ್ಕೆ ಹೆಚ್ಚಿನ ಕುಂದಿಲ್ಲ, ಕೆಲಸ ಮಾತ್ರ ಮೂರರಲ್ಲಿ ಒಂದು ಪಾಲು ಇಳಿಯುತ್ತದೆ. ಅದರ ಜೊತೆಗೆ, ಒಳಗಿನ ಪ್ರೊಸೆಸರು ಇಷ್ಟು ವಾಟಿಗಿಂತ ಹೆಚ್ಚು ತಿನ್ನಬಾರದು ಅಂತ ಮಿತಿ ಹಾಕಲಿಕ್ಕೂ ಒಂದು ಪಟ್ಟಿ ಇದೆ, ಮೂರರಿಂದ ಹದಿನೈದರವರೆಗೆ. ಓವರ್‌ಡ್ರಾಫ್ಟಿಗೆ ಮಿತಿ ಹಾಕಿದಂತೆ. ಇಷ್ಟು ಮಾಡಿದ ಮೇಲೆ ಅದೇ ರೇಸಿನ ಆಟ ಹದಿನಾಲ್ಕು ವಾಟಿಗೆ ಬಂತು. ಮೂರು ತಾಸಿಗೆ ಹತ್ತು ನಿಮಿಷ ಕಡಿಮೆ!

ಈ ಚೌಕಾಸಿ ಹೊಸದೇನಲ್ಲ. 1989ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಗೇಮ್ ಬಾಯ್ ತಂದಾಗ ಅದನ್ನು ರೂಪಿಸಿದ ತಂಡದ ಮುಖ್ಯಸ್ಥ ಗುನ್‌ಪೇ ಯೊಕೊಯಿ ಬಣ್ಣವೂ ಬೇಡ, ಪರದೆಗೆ ದೀಪವೂ ಬೇಡ ಅಂತ ತೀರ್ಮಾನಿಸಿದರು. ನಾಲ್ಕು ಪೆನ್ಸಿಲ್ ಸೆಲ್ಲಿನಲ್ಲಿ ಅದು ಹತ್ತು ತಾಸಿಗೂ ಮಿಕ್ಕಿ ನಡೆಯುತ್ತಿತ್ತು. ಮರುವರ್ಷ ಸೆಗಾ ಕಂಪನಿಯ ಗೇಮ್ ಗಿಯರ್ ಬಣ್ಣ, ದೀಪ ಎಲ್ಲ ಇಟ್ಟುಕೊಂಡು ಬಂತು. ಆರು ಸೆಲ್ಲು ಮೂರರಿಂದ ಐದು ತಾಸಿಗೆ ಮುಗಿಯುತ್ತಿದ್ದವು. ಗೆದ್ದದ್ದು ಬಣ್ಣವಿಲ್ಲದ್ದೇ. ಮುಂದೆ ಬಂದ ಅದರದೇ ಬಣ್ಣದ ಮಾದರಿಯೂ ಸೇರಿ ಸುಮಾರು 11.8 ಕೋಟಿ ಮಾರಾಟವಾದವು.

ಇದನ್ನು ಹೇಳಿದಾಗ ಹುಡುಗ ಯೋಚಿಸಿ, ತನ್ನಲ್ಲಿದ್ದ ಆಟಗಳನ್ನೆಲ್ಲ ಒಂದೊಂದಾಗಿ ಹಚ್ಚಿ ವಾಟ್ ನೋಡಿದ. ಎಲ್ಲಕ್ಕಿಂತ ಕಡಿಮೆ ತಿನ್ನುವುದು ಸ್ಟಾರ್‌ಡ್ಯೂ ವ್ಯಾಲಿ. ಎರಿಕ್ ಬರೋನ್ ಅನ್ನುವವನು ಒಬ್ಬನೇ ಕೂತು ಮಾಡಿ 2016ರಲ್ಲಿ ಬಿಡುಗಡೆ ಮಾಡಿದ ಆಟ, ಸಾದಾ ಚಿತ್ರಗಳು. "ಎಂಟು!" ಅಂತ ಕನ್ನಡದಲ್ಲೇ ಕೂಗಿದ. ನಲವತ್ತು ಭಾಗಿಲೆ ಎಂಟು, ಐದು ತಾಸು. ದೂರದ ಪ್ರಯಾಣಕ್ಕೆ ಇದೇ ಅಂತ ಠರಾವಾಯಿತು.

ಅದು ಒಕ್ಕಲುತನದ ಆಟ. ಪಟ್ಟಣದಲ್ಲಿ ನೌಕರಿ ಮಾಡುವವನೊಬ್ಬ ಅಜ್ಜ ಬಿಟ್ಟುಹೋದ ಹಾಳುಬಿದ್ದ ಹೊಲಕ್ಕೆ ಹೋಗಿ ನೆಲೆಸುತ್ತಾನೆ. ಕಲ್ಲು ಕಿತ್ತು, ನೆಲ ಅಗೆದು, ಬಿತ್ತಿ, ನೀರು ಹಾಕಬೇಕು. ಬ್ಯಾಟರಿ ಉಳಿಸಲಿಕ್ಕೆ ಹುಡುಕಿದ್ದು, ಸಿಕ್ಕಿದ್ದು ಅಜ್ಜನ ಹೊಲ. ನಾನು ಬೇಕಂತಲೇ ಏನೂ ಅನ್ನಲಿಲ್ಲ. ಅವನೇ ಕೇಳತೊಡಗಿದ: ಬೀಜಕ್ಕೆ ಕನ್ನಡದಲ್ಲಿ ಏನಂತಾರೆ, ಕುಂಬಳಕ್ಕೆ ಏನು, ದನದ ಮನೆಗೆ ಏನು. ನೋಟುಬುಕ್ಕಿನ ಹಿಂದಿನ ಪುಟಗಳಲ್ಲಿ ಆ ಶಬ್ದಗಳು ಕೂಡಿಬಿದ್ದವು. ದಿನಕ್ಕೆ ಎರಡು, ಮೂರು. ಹೆಚ್ಚಿಲ್ಲ.

ಆ ವರ್ಷ ದೀಪಾವಳಿಗೆ ಮತ್ತೆ ಧಾರವಾಡಕ್ಕೆ ಹೊರಟೆವು. ಹೊರಡುವ ಮುಂಜಾನೆಯಷ್ಟೇ ನೂರು ತುಂಬಿದೆವು; ಕೂಡಲೇ ಖರ್ಚಾಗುವುದಿದ್ದರೆ ನೂರರಿಂದ ತೊಂದರೆಯಿಲ್ಲ. ಜೊತೆಗೆ 20,000 ಎಂಎಎಚ್‌ನ ಪವರ್ ಬ್ಯಾಂಕು. ಅದರ ಮೇಲೆ ಬರೆದದ್ದು ನೋಡಿ ಮರುಳಾಗಬಾರದು, ಅದನ್ನು 3.7 ವೋಲ್ಟಿನಿಂದ ಗುಣಿಸಿದರೆ 74 ವಾಟ್-ಅವರ್, ದಾರಿಯ ಸೋರಿಕೆ ಕಳೆದು ಯಂತ್ರವನ್ನು ಒಂದೂವರೆ ಸಲ ತುಂಬೀತು. ಅದನ್ನು ಚೀಲದಿಂದ ಹೊರಗೆ ತೆಗೆಯುವ ಪ್ರಸಂಗವೇ ಬರಲಿಲ್ಲ. ಸಾತಾರಾ, ಕರಾಡ ದಾಟಿದರೂ ಸಂಪಲೀ ಇಲ್ಲ. ನಿಪ್ಪಾಣಿಯಲ್ಲಿ ಅವನೇ ಯಂತ್ರ ಮಲಗಿಸಿದ. ಯಾಕೋ ಅಂದೆ. "ಅಜ್ಜಿಗೆ ತೋರಸಬೇಕು. ಮೂವತ್ತೈದು ಉಳದೈತಿ."

ಅಕ್ಕ ಕಟ್ಟೆಯ ಮೇಲೆ ಕೂತು ಚಾಳೀಸು ಏರಿಸಿ ಪರದೆ ನೋಡಿದಳು. ನಾನು ಒಳಗೆ ಚಹಾ ಕುಡಿಯುತ್ತಿದ್ದೆ, ಕಿವಿ ಮಾತ್ರ ಹೊರಗೆ.

"ಇದು ಎರಿ ಹೊಲಾ ಏನ, ಮಸಾರಿ ಹೊಲಾ?"

ಅದು ಅವನಿಗೆ ಗೊತ್ತಿಲ್ಲ. "ಅಜ್ಜನ ಹೊಲಾ," ಅಂದ.

"ಬಿತ್ತನಿ ಆತೇನು?"

"ಆತು. ನೀರ ಹಾಕಬೇಕು. ದಿನಾ ಹಾಕಬೇಕು. ಒಂದ ದಿನಾ ಬಿಟ್ಟರ ಬೆಳ್ಯಾಂಗಿಲ್ಲ."

"ದಿನಾ ಹಾಕ್ತಿಯೇನು?"

"ಹೂಂ. ದಿನಾ."

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಂಗಾರ ನನಗೂ ದಿನಾ ಒಂದ ಫೋನ್ ಹಚ್ಚು," ಅಂದಳು.

ಅಂದಿನಿಂದ ದಿನಾ ಸಂಜೆ ಏಳಕ್ಕೆ ಧಾರವಾಡಕ್ಕೆ ಫೋನು ಹೋಗುತ್ತದೆ. 2025ರಲ್ಲಿ ಬ್ಯಾಟರಿ ಎಂಬತ್ತಕ್ಕೇ ನಿಲ್ಲುವ ಹಾಗೆ ಮಿತಿ ಹಾಕುವ ಸೌಲಭ್ಯವನ್ನು ಕಂಪನಿಯೇ ಕೊಟ್ಟಿತು, ಹುಡುಗ ಓಡಿಬಂದು ತೋರಿಸಿದ. ಇನ್ನು ವಾಟ್ ಬರೆಯುವ ಅಗತ್ಯ ಹೆಚ್ಚಿಲ್ಲ. ಆದರೂ ನೋಟುಬುಕ್ಕು ನಡೆದಿದೆ. ಅದರಲ್ಲಿ ನಾನೇ ಗೆರೆ ಎಳೆದು ಒಂದು ಹೊಸ ಕಾಲಮ್ಮು ಮಾಡಿದ್ದೇನೆ: ಧಾರವಾಡ, ನಿಮಿಷ. ಮೊದಲ ವಾರ ಒಂದು, ಎರಡು, ಒಂದು. ಈಗ ನಾಲ್ಕು, ಆರು. ಒಮ್ಮೆ ಹನ್ನೊಂದು. ನಡುವೆ ಖಾಲಿ ಬಿಟ್ಟ ದಿನಗಳೂ ಇವೆ, ಪರೀಕ್ಷೆಯವು. ಲೆಕ್ಕದಲ್ಲಿ ಸುಳ್ಳು ಬರೆಯುವುದು ನನ್ನ ಕೈಲಾಗದು.

ಮೊನ್ನೆ ಸಂಜೆ ಅಕ್ಕ ಫೋನೆತ್ತಲಿಕ್ಕೆ ತಡವಾಯಿತು. ಹುಡುಗ ಕಾದ. ಆಕಡೆಯಿಂದ ಹಲೋ ಬಂದ ಕೂಡಲೇ ಕೇಳಿದ:

"ಅಜ್ಜೀ, ಊಟಾ ಆತೇನು?"